ವರದಿಯಲ್ಲಿ ‘ಹರ್2: 2 ಪ್ಲಸ್, ಫಿಶ್ ಮಾಡಿಸಿ’ ಎಂದಿದೆ. ಬ್ಲಾಕ್ ಎಲ್ಲಿಗೆ, ಹೇಗೆ ಕಳುಹಿಸಬೇಕು?

ಪೊನ್ನಂಪೇಟೆ ತೋಟ

ಎಲ್ಲರಿಗೂ ನಮಸ್ಕಾರ. ನನ್ನ ದೊಡ್ಡಮ್ಮನಿಗೆ ಸ್ತನದಲ್ಲಿ ಗಂಟು ಕಾಣಿಸಿಕೊಂಡು ಶಸ್ತ್ರಚಿಕಿತ್ಸೆ ಆಗಿದೆ. ವಯಸ್ಸು 62. ಕ್ಯಾನ್ಸರ್ ಎಂಬುದು ಖಚಿತವಾದಾಗ ಮನೆಯವರೆಲ್ಲ ಹೇಗೋ ಧೈರ್ಯ ತಂದುಕೊಂಡೆವು. ಈಗ ನಿದ್ದೆ ಕೆಡಿಸಿರುವುದು ಎರಡನೆಯ ವರದಿ. ಅದರಲ್ಲಿ ಹೀಗಿದೆ: ‘ಇಆರ್ ಪಾಸಿಟಿವ್, ಶೇ 80. ಪಿಆರ್ ಪಾಸಿಟಿವ್, ಶೇ 30. ಕೀ-67 ಶೇ 20. ಹರ್2 ಸ್ಕೋರ್ 2 ಪ್ಲಸ್, ಅನಿಶ್ಚಿತ. ಫಿಶ್ ಪರೀಕ್ಷೆಗೆ ಸಲಹೆ.’

ಅಷ್ಟು ದೊಡ್ಡ ಗಂಟನ್ನೇ ತೆಗೆದುಕೊಂಡು ಹೋದ ಮೇಲೂ ಇವರಿಗೆ ಗೊತ್ತಾಗಲಿಲ್ಲವೇ ಎಂದು ದೊಡ್ಡಮ್ಮ ಕೇಳುತ್ತಿದ್ದಾರೆ. ನನ್ನಲ್ಲಿ ಉತ್ತರವಿಲ್ಲ. ಬೆಂಗಳೂರಿನಲ್ಲಿರುವ ಅವರ ಮಗ ಎಲ್ಲವನ್ನೂ ಮೊದಲಿನಿಂದ ಮಾಡಿಸೋಣ ಎನ್ನುತ್ತಾನೆ. ಫಿಶ್ ಪರೀಕ್ಷೆಗೆ ಬ್ಲಾಕ್ ಬೇಕಂತೆ. ಈ ಮಳೆಯಲ್ಲಿ ಅದನ್ನು ಬಸ್ಸಿನಲ್ಲಿ ಕೊಂಡೊಯ್ಯಬಹುದೇ, ಐಸ್ ಹಾಕಬೇಕೇ? ತಿಳಿದವರು ದಯವಿಟ್ಟು ಹೇಳಿ.

ಹಿಸ್ಟೊ ಲ್ಯಾಬ್, ಮಡಿಕೇರಿ

ಅಣ್ಣ, ನಾನು ಅಂಗಾಂಶ ಪರೀಕ್ಷೆಯ ವಿಭಾಗದಲ್ಲಿ ತಂತ್ರಜ್ಞೆ. ಚಿಕಿತ್ಸೆಯ ಮಾತು ನಿಮ್ಮ ಡಾಕ್ಟರರದ್ದು. ಬ್ಲಾಕ್, ಸ್ಲೈಡ್, ಬಣ್ಣದ ವಿಷಯ ನನ್ನ ದಿನನಿತ್ಯದ ಕೆಲಸವಾದ್ದರಿಂದ ಅಷ್ಟನ್ನು ಹೇಳುತ್ತೇನೆ.

ದೊಡ್ಡಮ್ಮನಿಗೆ ಮೊದಲು ಇದನ್ನು ಹೇಳಿ: ಕ್ಯಾನ್ಸರ್ ಹೌದೋ ಅಲ್ಲವೋ ಎಂಬ ಪ್ರಶ್ನೆಗೆ ಮೊದಲ ವರದಿಯೇ ಉತ್ತರ ಕೊಟ್ಟಿದೆ. ಎರಡನೆಯ ವರದಿ ಕೇಳುವುದು ಬೇರೆ ಪ್ರಶ್ನೆ. ಆ ಜೀವಕೋಶಗಳು ಯಾವ ಪ್ರೋಟೀನುಗಳನ್ನು ಹೊತ್ತಿವೆ, ಯಾವ ಔಷಧಕ್ಕೆ ಬಗ್ಗಬಹುದು ಎಂಬುದನ್ನು ಅದು ಹುಡುಕುತ್ತದೆ. ಇಆರ್ ಮತ್ತು ಪಿಆರ್ ಜೀವಕೋಶದ ಕೇಂದ್ರದಲ್ಲಿರುವ ಹಾರ್ಮೋನು ಗ್ರಾಹಕಗಳು. ಕೀ-67 ಎಷ್ಟು ಕೋಶಗಳು ವಿಭಜನೆಯಾಗುತ್ತಿವೆ ಎಂಬುದರ ಅಳತೆ. ಹರ್2 ಇರುವುದು ಜೀವಕೋಶದ ಹೊರಪೊರೆಯ ಮೇಲೆ. ಅದು ಅತಿಯಾಗಿದ್ದರೆ ಟ್ರಾಸ್ಟುಜುಮ್ಯಾಬ್ ಎಂಬ ಔಷಧ ಕೆಲಸಕ್ಕೆ ಬರುತ್ತದೆ. 1998ರಿಂದ ಬಳಕೆಯಲ್ಲಿರುವ ಔಷಧ ಅದು, ದುಬಾರಿ, ಹೃದಯದ ಮೇಲೂ ನಿಗಾ ಇಡಬೇಕು. ಅಗತ್ಯವಿಲ್ಲದವರಿಗೆ ಕೊಡಬಾರದು, ಅಗತ್ಯವಿರುವವರಿಗೆ ತಪ್ಪಬಾರದು. ಅದಕ್ಕೇ ಇಷ್ಟು ಎಚ್ಚರ.

ನಾವು ಮಾಡುವುದು ಇಷ್ಟು. ಮೇಣದಲ್ಲಿ ಕೂರಿಸಿದ ಅಂಗಾಂಶವೇ ಬ್ಲಾಕ್. ಅದರಿಂದ 3–4 ಮೈಕ್ರಾನ್ ದಪ್ಪದ ಪದರ ತೆಗೆದು ಗಾಜಿನ ಮೇಲೆ ಹಿಡಿಯುತ್ತೇವೆ. ಮೇಣ ತೆಗೆದು, ದ್ರಾವಣದಲ್ಲಿ ಕುದಿಯುವ ಮಟ್ಟಕ್ಕೆ ಬಿಸಿ ಮಾಡುತ್ತೇವೆ. ಅಂಗಾಂಶ ಕೆಡದಂತೆ ಮೊದಲೇ ಹಾಕಿಟ್ಟ ಫಾರ್ಮಲಿನ್ ದ್ರವ ಬಿಗಿದು ಮುಚ್ಚಿಟ್ಟ ಪ್ರೋಟೀನು ಮತ್ತೆ ತೆರೆದುಕೊಳ್ಳುವುದು ಆಗಲೇ. ಮೇಲೆ ಹರ್2ಗೆ ಮಾತ್ರ ಅಂಟುವ ಪ್ರತಿಕಾಯ ಹಾಕಿ, ಅದು ಅಂಟಿದ ಕಡೆ ಕಂದು ಬಣ್ಣ ಮೂಡಿಸುತ್ತೇವೆ. ಉಳಿದ ಭಾಗಕ್ಕೆ ನೀಲಿ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಶೇ 10ಕ್ಕಿಂತ ಹೆಚ್ಚು ಕ್ಯಾನ್ಸರ್ ಕೋಶಗಳ ಸುತ್ತ ದಟ್ಟವಾದ, ಎಲ್ಲೂ ತುಂಡಾಗದ ಕಂದು ಗೆರೆ ಇದ್ದರೆ 3 ಪ್ಲಸ್, ಅಂದರೆ ಪಾಸಿಟಿವ್. ಏನೂ ಇಲ್ಲದಿದ್ದರೆ ಅಥವಾ ಅಲ್ಲಲ್ಲಿ ಮಸುಕಾಗಿದ್ದರೆ 0 ಅಥವಾ 1 ಪ್ಲಸ್, ನೆಗೆಟಿವ್. ಗೆರೆ ಪೂರ್ತಿ ಸುತ್ತಿದೆ, ಆದರೆ ತೆಳುವಾಗಿದೆ ಎಂದಾದರೆ 2 ಪ್ಲಸ್. ಇದು ಲ್ಯಾಬಿನವರ ಸೋಲಲ್ಲ. ಕಣ್ಣಿಗೆ ಕಾಣುವ ಬಣ್ಣದಿಂದ ಇದಕ್ಕಿಂತ ಮುಂದೆ ಹೇಳಿದರೆ ಅದು ಊಹೆಯಾಗುತ್ತದೆ ಎಂದು ಪ್ರಾಮಾಣಿಕವಾಗಿ ನಿಲ್ಲಿಸಿದ್ದಾರೆ.

ಫಿಶ್ ಪರೀಕ್ಷೆ ಪ್ರೋಟೀನನ್ನು ನೋಡುವುದಿಲ್ಲ, ಅದನ್ನು ತಯಾರಿಸುವ ಜೀನನ್ನು ಎಣಿಸುತ್ತದೆ. ಹರ್2 ಜೀನ್ ಇರುವುದು 17ನೆಯ ವರ್ಣತಂತುವಿನಲ್ಲಿ. ಜೀನಿಗೆ ಒಂದು ಬಣ್ಣದ ಹೊಳೆಯುವ ಚುಕ್ಕೆ, ಆ ವರ್ಣತಂತುವಿನ ನಡುಭಾಗಕ್ಕೆ ಇನ್ನೊಂದು ಬಣ್ಣದ ಚುಕ್ಕೆ. ಕತ್ತಲೆ ಕೋಣೆಯಲ್ಲಿ ಕುಳಿತು ಎರಡನ್ನೂ ಎಣಿಸುತ್ತಾರೆ. ಈ ಎರಡು ಚುಕ್ಕೆಗಳ ಅನುಪಾತ 2 ಅಥವಾ ಹೆಚ್ಚು, ಜೊತೆಗೆ ಕೋಶಕ್ಕೆ ಸರಾಸರಿ 4 ಅಥವಾ ಹೆಚ್ಚು ಜೀನ್ ಪ್ರತಿಗಳಿದ್ದರೆ ಪಾಸಿಟಿವ್. 2 ಪ್ಲಸ್ ಬಂದವರಲ್ಲಿ ಬಹುಪಾಲು ಮಂದಿಗೆ ಫಿಶ್ ನೆಗೆಟಿವ್ ಎಂದೇ ಬರುತ್ತದೆ.

ಬ್ಲಾಕಿಗೆ ಐಸ್ ಬೇಡ. ಕೋಣೆಯ ತಾಪದಲ್ಲಿ ವರ್ಷಗಟ್ಟಲೆ ಇರುತ್ತದೆ. ಮಳೆನೀರು ತಾಗದಂತೆ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಟ್ಟಿ ಡಬ್ಬಿಯಲ್ಲಿಡಿ. ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡಬೇಡಿ, ಅದು ಮೇಣ. ‘ಬ್ಲಾಕ್ ಬೇಡ, ಕತ್ತರಿಸಿದ ಸ್ಲೈಡ್ ಕೊಡುತ್ತೇವೆ’ ಎಂದರೆ ಬ್ಲಾಕನ್ನೇ ಕೇಳಿ. ಕತ್ತರಿಸಿಟ್ಟ ಪದರದಲ್ಲಿ ವಾರಗಳು ಕಳೆದಂತೆ ಪ್ರೋಟೀನು ಮಸುಕಾಗುತ್ತದೆ. ಎರಡು ಬ್ಲಾಕ್ ಇದ್ದರೆ ಒಂದನ್ನು ಮಾತ್ರ ಕಳುಹಿಸಿ. ಕೈಗೆ ಪಡೆದಾಗ ಸಂಖ್ಯೆಯನ್ನು ವರದಿಯ ಸಂಖ್ಯೆಯೊಂದಿಗೆ ತಾಳೆ ನೋಡಿ.

ಇನ್ನೊಂದು ಮಾತು. ಗಂಟು ತೆಗೆದ ಮೇಲೆ ಎಷ್ಟು ಹೊತ್ತಿಗೆ ಫಾರ್ಮಲಿನ್‌ಗೆ ಹಾಕಿದರು, ಎಷ್ಟು ಗಂಟೆ ಅದರಲ್ಲಿತ್ತು ಎಂದು ವರದಿಯಲ್ಲಿ ಬರೆದಿದೆಯೇ ನೋಡಿ ಹೇಳಿ. ಎಲ್ಲಕ್ಕಿಂತ ಮುಖ್ಯವಾಗಿ ಕೇಳಬೇಕಾದದ್ದು ಅದನ್ನೇ.

ಪೊನ್ನಂಪೇಟೆ ತೋಟ

ಅಕ್ಕ, ಇಷ್ಟು ಬಿಡಿಸಿ ಹೇಳಿದವರು ಇದುವರೆಗೆ ಯಾರೂ ಇರಲಿಲ್ಲ. ವರದಿಯಲ್ಲಿ ಸಮಯದ ಬಗ್ಗೆ ಏನೂ ಇಲ್ಲ. ನಮಗೆ ಗೊತ್ತಿರುವುದು ಇಷ್ಟು: ಶಸ್ತ್ರಚಿಕಿತ್ಸೆ ಆದದ್ದು ಶನಿವಾರ ಮಧ್ಯಾಹ್ನ, ಒಂದು ಖಾಸಗಿ ಆಸ್ಪತ್ರೆಯಲ್ಲಿ. ಭಾನುವಾರ ಲ್ಯಾಬ್ ರಜೆ. ಸೋಮವಾರ ನಮ್ಮ ಕೈಗೇ ಬಾಟಲಿ ಕೊಟ್ಟರು, ನಾವೇ ಮೈಸೂರಿಗೆ ಒಯ್ದೆವು. ಸ್ತನದ ಭಾಗ ಇಡಿಯಾಗಿ ಇತ್ತು, ಬಾಟಲಿಯೊಳಗೆ ಒತ್ತಿ ತುಂಬಿದಂತೆ ಕಾಣುತ್ತಿತ್ತು, ದ್ರವ ಅರ್ಧಕ್ಕಿಂತ ಕಡಿಮೆ. ಕಣ್ಣು ಉರಿಯುವ ವಾಸನೆ ಇತ್ತಾದ್ದರಿಂದ ಅದು ಫಾರ್ಮಲಿನ್ ಇರಬೇಕು.

ಹಿಸ್ಟೊ ಲ್ಯಾಬ್, ಮಡಿಕೇರಿ

ನನಗೆ ಭಯವಿದ್ದದ್ದು ಇದೇ.

ನೀವು ತೋಟದವರು, ನಿಮಗೆ ಬೇಗ ಅರ್ಥವಾಗುತ್ತದೆ. ಕೊಯ್ದ ಕಾಫಿ ಹಣ್ಣನ್ನು ಅದೇ ದಿನ ಪಲ್ಪ್ ಮಾಡದೆ ಚೀಲದಲ್ಲೇ ಬಿಟ್ಟರೆ ಒಳಗೆ ಬಿಸಿಯೇರಿ ಹುಳಿಯುತ್ತದೆ. ಆಮೇಲೆ ಎಷ್ಟು ಚೆನ್ನಾಗಿ ಒಣಗಿಸಿದರೂ ಹುರಿದರೂ ಆ ವಾಸನೆ ಹೋಗುವುದಿಲ್ಲ. ಅಂಗಾಂಶವೂ ಹಾಗೆಯೇ. ದೇಹದಿಂದ ಬೇರೆಯಾದ ಕ್ಷಣದಿಂದ ರಕ್ತವಿಲ್ಲ, ಆದರೆ ಒಳಗಿನ ಕಿಣ್ವಗಳು ಜೀವಂತವಾಗಿರುತ್ತವೆ. ತಮ್ಮ ಕೋಶವನ್ನು ತಾವೇ ಕರಗಿಸತೊಡಗುತ್ತವೆ. ಅದನ್ನು ತಡೆಯುವುದು ಫಾರ್ಮಲಿನ್. ಅದು ಒಳಗಿಳಿಯುವ ವೇಗ ಗಂಟೆಗೆ ಸುಮಾರು 1 ಮಿಲಿಮೀಟರ್. ಇಡಿಯಾದ ಸ್ತನವನ್ನು ಹಾಗೇ ಮುಳುಗಿಸಿಟ್ಟರೆ ಹೊರಗಿನ ಕೊಬ್ಬು ಗಟ್ಟಿಯಾಗುತ್ತದೆ, ನಡುವಿನ ಗಂಟಿಗೆ ಫಾರ್ಮಲಿನ್ ತಲುಪುವ ಹೊತ್ತಿಗೆ ತಡವಾಗಿರುತ್ತದೆ.

ಆದ್ದರಿಂದಲೇ ಸ್ತನ ಕ್ಯಾನ್ಸರಿಗೆ ಜಗತ್ತಿನಾದ್ಯಂತ ಒಪ್ಪಿದ ನಿಯಮವೊಂದಿದೆ. ತೆಗೆದ ಒಂದು ಗಂಟೆಯೊಳಗೆ ಗಂಟಿನ ಮೂಲಕ ಕುಯ್ದು 5–10 ಮಿಲಿಮೀಟರ್ ಅಂತರದ ಹೋಳುಗಳಾಗಿ ತೆರೆಯಬೇಕು. ಅಂಗಾಂಶದ ಹತ್ತು ಪಟ್ಟು ಫಾರ್ಮಲಿನ್ ಇರಬೇಕು, ಅದೂ ಶೇ 10ರ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್. ಅದರಲ್ಲಿ 6 ಗಂಟೆಗಿಂತ ಕಡಿಮೆ ಇರಬಾರದು, 72 ಗಂಟೆ ಮೀರಬಾರದು. ಶನಿವಾರದ ಶಸ್ತ್ರಚಿಕಿತ್ಸೆ, ಭಾನುವಾರದ ರಜೆ, ಸೋಮವಾರದ ಘಾಟಿ ರಸ್ತೆ. ಈ ಲೆಕ್ಕ ಕೊಡಗಿನಲ್ಲಿ ಎಷ್ಟು ಸಲ ತಪ್ಪುತ್ತದೆ ಎಂದು ಯೋಚಿಸಿದಾಗ ಸಂಕಟವಾಗುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ಮಂಗಳೂರು ರಸ್ತೆ ಮುಚ್ಚಿದ್ದು ನಿಮಗೆಲ್ಲ ನೆನಪಿದೆ. ಸರಿಯಾಗಿ ಹೋಳು ಮಾಡಿ ಫಾರ್ಮಲಿನ್‌ನಲ್ಲಿಟ್ಟ ಅಂಗಾಂಶ ಒಂದು ದಿನದ ವಿಳಂಬವನ್ನು ತಡೆದುಕೊಳ್ಳುತ್ತದೆ. ಒತ್ತಿ ತುಂಬಿದ ಬಾಟಲಿಗೆ ಆ ಶಕ್ತಿಯಿಲ್ಲ.

ಈಗ ಒಂದು ಪ್ರಶ್ನೆ: ಶಸ್ತ್ರಚಿಕಿತ್ಸೆಗೆ ಮೊದಲು ದಪ್ಪ ಸೂಜಿಯಿಂದ ದಾರದಂಥ ತುಣುಕು ತೆಗೆದು ಪರೀಕ್ಷಿಸಿದ್ದರೇ? ಟ್ರೂಕಟ್ ಅಥವಾ ಕೋರ್ ಬಯಾಪ್ಸಿ ಎನ್ನುತ್ತಾರೆ.

ಪೊನ್ನಂಪೇಟೆ ತೋಟ

ಹೌದು ಅಕ್ಕ, ಮಾಡಿದ್ದರು. ಬೇರೆ ಆಸ್ಪತ್ರೆಯಲ್ಲಿ.

ನಿವೃತ್ತ ಪೆಥಾಲಜಿಸ್ಟ್, ಊರು ವಿರಾಜಪೇಟೆ

ಹಾಗಾದರೆ ಆ ಬ್ಲಾಕ್ ಹುಡುಕಿ ತೆಗೆಯಿರಿ. ಸೂಜಿಯ ತುಣುಕು ಒಂದೆರಡು ಮಿಲಿಮೀಟರ್ ದಪ್ಪವಷ್ಟೇ. ಬಾಟಲಿಗೆ ಬಿದ್ದ ಸ್ವಲ್ಪ ಹೊತ್ತಿನಲ್ಲೇ ಫಾರ್ಮಲಿನ್ ಒಳಗಿಳಿದಿರುತ್ತದೆ. ಹರ್2 ಬಣ್ಣವನ್ನು ಅದರ ಮೇಲೆ ಮತ್ತೊಮ್ಮೆ ಮಾಡಿಸಿ, ಆಗಲೂ 2 ಪ್ಲಸ್ ಬಂದರೆ ಫಿಶ್ ಕೂಡ ಅದರ ಮೇಲೆಯೇ ಆಗಲಿ. ದೊಡ್ಡಮ್ಮನಿಗೆ ಹೊಸದಾಗಿ ಸೂಜಿ ಚುಚ್ಚುವ ಅಗತ್ಯವಿಲ್ಲ. ಬೆಂಗಳೂರಿನ ತಮ್ಮನಿಗೂ ಇದನ್ನು ತಿಳಿಸಿ.

ಇಆರ್ ಶೇ 80 ಎಂಬುದನ್ನು ನಂಬಬಹುದು. ಅಂಗಾಂಶ ಕೆಟ್ಟರೆ ಇರುವ ಪ್ರೋಟೀನು ಮಾಯವಾಗುತ್ತದೆ, ಇಲ್ಲದ ಪ್ರೋಟೀನು ಹುಟ್ಟುವುದಿಲ್ಲ. ಸಂಶಯಪಡಬೇಕಾದದ್ದು ‘ನೆಗೆಟಿವ್’ ಎಂಬ ಉತ್ತರವನ್ನು. ಇದರ ಬೆಲೆ ಏನೆಂಬುದಕ್ಕೆ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಪ್ರಾಂತ್ಯದ ಘಟನೆಯನ್ನು ಪ್ರತಿಯೊಬ್ಬ ಪೆಥಾಲಜಿ ವಿದ್ಯಾರ್ಥಿಗೂ ಹೇಳಬೇಕು. 1997ರಿಂದ 2005ರವರೆಗೆ ಅಲ್ಲಿ ಮಾಡಿದ ಹಾರ್ಮೋನು ಗ್ರಾಹಕ ಪರೀಕ್ಷೆಗಳನ್ನು ಮತ್ತೆ ಮಾಡಿಸಿದಾಗ ಸುಮಾರು 400 ರೋಗಿಗಳ ಫಲಿತಾಂಶ ತಪ್ಪಾಗಿತ್ತೆಂದು ತಿಳಿಯಿತು. ನೆಗೆಟಿವ್ ಎಂದು ಬರೆದಿದ್ದರಿಂದ ಹಾರ್ಮೋನಿನ ಪ್ರಭಾವ ತಡೆಯುವ ಟಮೋಕ್ಸಿಫೆನ್ ಮಾತ್ರೆ ಸಿಗದೆ ಹೋದವರು ಅವರಲ್ಲಿದ್ದರು, ತೀರಿಕೊಂಡವರೂ ಇದ್ದರು. ನ್ಯಾಯಾಂಗ ಆಯೋಗ 2009ರಲ್ಲಿ ವರದಿ ಕೊಟ್ಟಿತು. ಯಾರೋ ಒಬ್ಬ ತಪ್ಪಿತಸ್ಥ ಎಂದಲ್ಲ. ಅಂಗಾಂಶವನ್ನು ಸಂಸ್ಕರಿಸುವುದರಿಂದ ಹಿಡಿದು ಸ್ಲೈಡ್ ಓದುವವರೆಗೆ ಎಲ್ಲ ಹಂತಗಳಲ್ಲೂ ಸಡಿಲವಿತ್ತು. ಶ್ರೀಮಂತ ದೇಶ, ದೊಡ್ಡ ಆಸ್ಪತ್ರೆ, ಆದರೂ ಹಾಗಾಯಿತು.

ಹಿಡಿಯುವ ದಾರಿ ಸ್ಲೈಡಿನಲ್ಲೇ ಇರುತ್ತದೆ. ಕ್ಯಾನ್ಸರ್ ಗಡ್ಡೆಯ ಪಕ್ಕದಲ್ಲಿ ಸಾಮಾನ್ಯವಾಗಿ ಒಂದೆರಡು ಆರೋಗ್ಯವಂತ ಹಾಲಿನ ನಾಳಗಳು ಉಳಿದಿರುತ್ತವೆ. ಅವುಗಳ ಕೆಲವು ಕೋಶಕೇಂದ್ರಗಳಲ್ಲಿ ಇಆರ್ ಇದ್ದೇ ಇರುತ್ತದೆ. ಕ್ಯಾನ್ಸರ್ ಕೋಶ ನೀಲಿಯಾಗಿದ್ದು, ಪಕ್ಕದ ನಾಳದಲ್ಲಿ ಕಂದು ಚುಕ್ಕೆಗಳಿದ್ದರೆ ಆ ನೆಗೆಟಿವ್ ನಿಜ. ನಾಳವೂ ಪೂರ್ತಿ ನೀಲಿಯಾಗಿದ್ದರೆ ಪರೀಕ್ಷೆಯೇ ಕೆಲಸ ಮಾಡಿಲ್ಲ. ಅಂಥ ಸ್ಲೈಡಿಗೆ ನೆಗೆಟಿವ್ ಎಂದು ಸಹಿ ಹಾಕಬಾರದು. ನಿಮ್ಮವರ ವರದಿಯಲ್ಲಿ ಇಆರ್ ನೆಗೆಟಿವ್ ಎಂದಿದ್ದರೆ ‘ಆಂತರಿಕ ಕಂಟ್ರೋಲ್, ಅಂದರೆ ಪಕ್ಕದ ಆರೋಗ್ಯವಂತ ನಾಳ, ಬಣ್ಣ ಹಿಡಿದಿತ್ತೇ?’ ಎಂದು ಕೇಳುವ ಹಕ್ಕು ನಿಮಗಿದೆ. ಒಳ್ಳೆಯ ಪೆಥಾಲಜಿಸ್ಟ್ ಆ ಪ್ರಶ್ನೆಗೆ ಕೋಪಿಸಿಕೊಳ್ಳುವುದಿಲ್ಲ.

ಸುಂಟಿಕೊಪ್ಪ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ತಂದೆಯವರಿಗೆ ಕುತ್ತಿಗೆಯಲ್ಲಿ ಗಂಟು. ಸೂಜಿ ಪರೀಕ್ಷೆಯಲ್ಲಿ ‘ಬೇರೆಲ್ಲಿಂದಲೋ ಹರಡಿದ ಕ್ಯಾನ್ಸರ್’ ಎಂದಿದ್ದಾರೆ. ಬಾಯಲ್ಲಿ, ಗಂಟಲಲ್ಲಿ ಮೂಲ ಸಿಕ್ಕಿಲ್ಲ. ಈಗ ಪಿ16 ಮತ್ತು ಈಬರ್ ಎಂಬ ಪರೀಕ್ಷೆ ಬರೆದುಕೊಟ್ಟಿದ್ದಾರೆ. ಇದು ವೈರಸ್ ಪರೀಕ್ಷೆ ಎಂದು ತಿಳಿದು ಮನೆಯವರು ಲೋಟ, ತಟ್ಟೆ ಬೇರೆ ಇಟ್ಟಿದ್ದಾರೆ. ನಮ್ಮ ತಂದೆ ಇಡೀ ಜೀವನ ಎಲೆ ಅಡಿಕೆ ಹಾಕಿದವರು. ಅದರ ಮೇಲೆ ವೈರಸ್ ಎಲ್ಲಿಂದ?

ನಿವೃತ್ತ ಪೆಥಾಲಜಿಸ್ಟ್, ಊರು ವಿರಾಜಪೇಟೆ

ಮೊದಲು ಆ ಲೋಟ ತಟ್ಟೆಯನ್ನು ಒಳಗೆ ತನ್ನಿ. ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಊಟದಲ್ಲಾಗಲಿ ಸ್ಪರ್ಶದಲ್ಲಾಗಲಿ ಹರಡುವುದಿಲ್ಲ. ತಂದೆಯವರನ್ನು ಜೊತೆಗೇ ಕೂರಿಸಿ ಊಟ ಮಾಡಿಸಿ.

ವೈದ್ಯರು ಸರಿಯಾದ ಪರೀಕ್ಷೆಗಳನ್ನೇ ಬರೆದಿದ್ದಾರೆ. ಮೂಲ ಎಲ್ಲಿದೆ ಎಂದು ಕೇಳಲು ವೈರಸ್ಸನ್ನು ಸಾಕ್ಷಿಯಾಗಿ ಕರೆಯುತ್ತಿದ್ದಾರೆ ಅಷ್ಟೆ. ಮೂಗಿನ ಹಿಂಭಾಗದ ಕ್ಯಾನ್ಸರ್‌ಗಳಲ್ಲಿ ಎಪ್‌ಸ್ಟೀನ್-ಬಾರ್ ವೈರಸ್ ಅಡಗಿರುತ್ತದೆ. ಅದು ಸೋಂಕಿತ ಕೋಶದೊಳಗೆ ಈಬರ್ ಎಂಬ ಪುಟ್ಟ ಆರ್‌ಎನ್‌ಎಯನ್ನು ಲಕ್ಷಗಟ್ಟಲೆ ಪ್ರತಿ ಮಾಡುತ್ತದೆ, ಹಾಗಾಗಿ ಸ್ಲೈಡಿನ ಮೇಲೆಯೇ ಬಣ್ಣ ಹಚ್ಚಿ ನೋಡಬಹುದು. ಕುತ್ತಿಗೆಯ ಗಂಟಿನಲ್ಲಿ ಈಬರ್ ಕಂಡರೆ ಮೂಗಿನ ಹಿಂದೆ ಹುಡುಕುತ್ತಾರೆ. ಪಿ16 ಎಂಬ ಪ್ರೋಟೀನು ದಟ್ಟವಾಗಿ, ಶೇ 70ಕ್ಕಿಂತ ಕಡಿಮೆಯಿಲ್ಲದ ಕೋಶಗಳಲ್ಲಿ, ಕೇಂದ್ರದಲ್ಲೂ ಸುತ್ತಲೂ ಕಂಡರೆ ಟಾನ್ಸಿಲ್ ಮತ್ತು ನಾಲಿಗೆಯ ಬುಡದಲ್ಲಿ ಹುಡುಕುತ್ತಾರೆ; ಅಲ್ಲಿನ ಕ್ಯಾನ್ಸರ್‌ಗಳಲ್ಲಿ ಒಂದು ಪಾಲಿಗೆ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ ಕಾರಣ.

ಎರಡೂ ನೆಗೆಟಿವ್ ಬರಬಹುದು. ಎಲೆ ಅಡಿಕೆ, ತಂಬಾಕಿನ ಹಿನ್ನೆಲೆಯಲ್ಲಿ ಅದೇ ಹೆಚ್ಚು ಸಂಭವ. ತಂಬಾಕು ಬೆರೆಸದ ಎಲೆ ಅಡಿಕೆಯೂ ಕ್ಯಾನ್ಸರ್ ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಹಾಗಾಗಿ ಕೆನ್ನೆ, ವಸಡಿನ ಮಾಮೂಲಿ ಬಾಯಿ ಕ್ಯಾನ್ಸರಿಗೆಲ್ಲ ಪಿ16 ಮಾಡಿಸಿ ದುಡ್ಡು ಕಳೆಯಬೇಡಿ. ಅಲ್ಲಿ ಅದು ವೈರಸ್ಸಿಗೆ ನಂಬಿಕಸ್ಥ ಸಾಕ್ಷಿಯಲ್ಲ.

ಸೋಮವಾರಪೇಟೆ ವಿಜ್ಞಾನ ಮೇಷ್ಟ್ರು

ಪಿ16 ಮನುಷ್ಯನದೇ ಪ್ರೋಟೀನು ಎಂದು ಓದಿದ್ದೇನೆ. ಹಾಗಿದ್ದರೆ ಅದು ವೈರಸ್ಸಿನ ಗುರುತು ಹೇಗಾಗುತ್ತದೆ ಸರ್? ವೈರಸ್ಸಿನ ಡಿಎನ್‌ಎಯನ್ನೇ ಪಿಸಿಆರ್‌ನಿಂದ ನೇರ ಹುಡುಕಬಹುದಲ್ಲ?

ನಿವೃತ್ತ ಪೆಥಾಲಜಿಸ್ಟ್, ಊರು ವಿರಾಜಪೇಟೆ

ಈ ಪ್ರಶ್ನೆ ಕೇಳಿದ್ದಕ್ಕೆ ಸಂತೋಷ ಮೇಷ್ಟ್ರೇ.

ಎಚ್‌ಪಿವಿಗೆ ಇ6, ಇ7 ಎಂಬ ಎರಡು ಪ್ರೋಟೀನುಗಳಿವೆ. ಕೋಶಕ್ಕೆ ಕಡಿವಾಣ ಹಾಕುವ ಪಿ53ನ್ನು ಇ6 ನಾಶ ಮಾಡಿಸುತ್ತದೆ. ಇನ್ನೊಂದು ಕಡಿವಾಣವಾದ ಆರ್‌ಬಿ ಪ್ರೋಟೀನನ್ನು ಇ7 ಕಟ್ಟಿಹಾಕುತ್ತದೆ. ಆರ್‌ಬಿ ಕೆಲಸ ನಿಲ್ಲಿಸಿದಾಗ ಕೋಶವು ವಿಭಜನೆಯನ್ನು ತಡೆಯಲು ಪಿ16 ಅನ್ನು ರಾಶಿ ರಾಶಿಯಾಗಿ ತಯಾರಿಸುತ್ತದೆ, ಆದರೆ ಅದು ಹಿಡಿಯಬೇಕಾದ ಹಗ್ಗವೇ ತುಂಡಾಗಿರುವುದರಿಂದ ಪ್ರಯೋಜನವಾಗುವುದಿಲ್ಲ. ಆ ರಾಶಿಯೇ ನಮಗೆ ಕಂದು ಬಣ್ಣವಾಗಿ ಕಾಣುವುದು. ಅಂದರೆ ಪಿ16 ಹೇಳುವುದು ‘ವೈರಸ್ ಇದೆ’ ಎಂದಲ್ಲ, ‘ವೈರಸ್ ಇಲ್ಲಿ ಕೆಲಸ ಮಾಡುತ್ತಿರಬಹುದು’ ಎಂದು. ಬೇರೆ ಕಾರಣದಿಂದ ಆರ್‌ಬಿ ಹಾಳಾಗಿದ್ದರೂ ಪಿ16 ಏರುತ್ತದೆ. ಅದಕ್ಕೇ ಜಾಗ ನೋಡಿ ನಂಬಬೇಕು ಎಂದದ್ದು.

ಪಿಸಿಆರ್ ಅತಿ ಸೂಕ್ಷ್ಮ, ಅದೇ ಅದರ ತೊಡಕು. ದಾರಿಹೋಕನಂತೆ ಬಂದು ಹೋಗುವ ವೈರಸ್ಸಿನ ನಾಲ್ಕು ತುಣುಕು ಸಿಕ್ಕರೂ ಪಾಸಿಟಿವ್ ಎನ್ನುತ್ತದೆ. ಪದರ ಕತ್ತರಿಸುವ ಯಂತ್ರವಾದ ಮೈಕ್ರೋಟೋಮಿನ ಅಲಗಿನಲ್ಲಿ ಹಿಂದಿನ ಬ್ಲಾಕಿನ ಕಣ ಉಳಿದಿದ್ದರೂ ಪಾಸಿಟಿವ್ ಎನ್ನುತ್ತದೆ. ಅದಕ್ಕಾಗಿ ಪಿಸಿಆರ್‌ಗೆ ಪದರ ತೆಗೆಯುವಾಗ ಬ್ಲಾಕಿಗೊಂದು ಹೊಸ ಅಲಗು ಹಾಕುತ್ತಾರೆ, ನಡುವೆ ಅಂಗಾಂಶವೇ ಇಲ್ಲದ ಖಾಲಿ ಮೇಣದ ಬ್ಲಾಕನ್ನೂ ಕತ್ತರಿಸಿ ಪರೀಕ್ಷಿಸುತ್ತಾರೆ. ಖಾಲಿ ಮೇಣದಲ್ಲಿ ವೈರಸ್ ಸಿಕ್ಕರೆ ಆ ದಿನದ ಕೆಲಸವೆಲ್ಲ ರದ್ದು. ‘ಇಂಥ ಕ್ಯಾನ್ಸರಿನಲ್ಲೂ ವೈರಸ್ ಸಿಕ್ಕಿತು’ ಎಂಬ ಸುದ್ದಿ ಓದಿದಾಗ ನಾನು ಮೊದಲು ಹುಡುಕುವುದು ಈ ಖಾಲಿ ಮೇಣದ ಸಾಲನ್ನು. ವೈರಸ್ ನಿಜಕ್ಕೂ ಕ್ಯಾನ್ಸರನ್ನು ನಡೆಸುತ್ತಿದೆ ಎಂದು ತೋರಿಸಬೇಕಾದರೆ ಇ6, ಇ7ರ ಎಂಆರ್‌ಎನ್‌ಎ (ಆ ಪ್ರೋಟೀನು ತಯಾರಿಸಲು ಹೊರಡುವ ಆದೇಶದ ಪ್ರತಿ) ಆ ಕೋಶಗಳೊಳಗೇ ಕಾಣಬೇಕು.

ಹರಾಲ್ಡ್ ಜುರ್ ಹೌಸೆನ್ ಅವರ ತಂಡ ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಎಚ್‌ಪಿವಿ 16 ಅನ್ನು 1983ರಲ್ಲಿ, 18 ಅನ್ನು 1984ರಲ್ಲಿ ಗುರುತಿಸಿತು. ಆಗ ಹೆಚ್ಚಿನವರು ಹರ್ಪಿಸ್ ವೈರಸ್ಸಿನ ಹಿಂದೆ ಬಿದ್ದಿದ್ದರು. 2008ರಲ್ಲಿ ಅವರಿಗೆ ನೊಬೆಲ್ ಬಂತು. ಗರ್ಭಕೊರಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 70ಕ್ಕೆ ಈ ಎರಡೇ ಬಗೆಗಳು ಕಾರಣ.

ಹಾಡಿ–ಲೈನ್ ಮನೆ ಆಶಾ ಕಾರ್ಯಕರ್ತೆ

ಡಾಕ್ಟರೇ, ಗರ್ಭಕೊರಳಿನ ಮಾತು ಬಂದದ್ದರಿಂದ ಕೇಳುತ್ತೇನೆ. ನಮ್ಮಲ್ಲಿ ಈಗ ನಡೆಯುವುದು ವಿನೆಗರ್‌ನಂಥ ದ್ರಾವಣ ಹಚ್ಚಿ ನೋಡುವ ವಿಐಎ ಪರೀಕ್ಷೆ. ತೋಟದ ಕಾರ್ಮಿಕರಿರುವ ಲೈನ್ ಮನೆಯ ಹೆಂಗಸರನ್ನು ಕರೆತರುವುದೇ ಕಷ್ಟ. ಕೊಯ್ಲಿನ ಕಾಲದಲ್ಲಿ ಒಂದು ದಿನದ ಕೂಲಿ ಬಿಟ್ಟು ಯಾರು ಬರುತ್ತಾರೆ? ಬಂದರೂ ಟೇಬಲ್ ಮೇಲೆ ಮಲಗಲು ನಾಚಿಕೆ. ಆದಿವಾಸಿ ಹಾಡಿಯ ಹೆಂಗಸೊಬ್ಬರು ಪರದೆಯವರೆಗೆ ಬಂದು, ಒಳಗಿಟ್ಟಿದ್ದ ಉಪಕರಣ ನೋಡಿ ಸೆರಗು ಬಿಗಿಹಿಡಿದು ವಾಪಸು ನಡೆದುಬಿಟ್ಟರು. ಎಚ್‌ಪಿವಿ ಪರೀಕ್ಷೆಗೆ ಅವರೇ ಮಾದರಿ ತೆಗೆದುಕೊಡಬಹುದು ಎಂದು ತರಬೇತಿಯಲ್ಲಿ ಕೇಳಿದ್ದೆ. ನಿಜವೇ?

ಇನ್ನೊಂದು. ಪಾಸಿಟಿವ್ ಬಂದರೆ ‘ಇದು ಗಂಡನಿಂದ ಬಂತೇ?’ ಎಂದು ಹೆಂಗಸರು ಕೇಳುತ್ತಾರೆ. ಗಂಡಂದಿರು ‘ನಿನಗೆ ಎಲ್ಲಿಂದ ಬಂತು?’ ಎಂದು ಕೇಳುತ್ತಾರೆ. ನಾನು ಏನು ಹೇಳಲಿ?

ನಿವೃತ್ತ ಪೆಥಾಲಜಿಸ್ಟ್, ಊರು ವಿರಾಜಪೇಟೆ

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ ಅಮ್ಮ, ಅದರಿಂದ ಸಂಸಾರಗಳು ಒಡೆಯುತ್ತವೆ. ಲೈಂಗಿಕ ಜೀವನ ಆರಂಭಿಸಿದ ಬಹುತೇಕ ಎಲ್ಲರಿಗೂ ಬದುಕಿನಲ್ಲಿ ಒಮ್ಮೆಯಾದರೂ ಎಚ್‌ಪಿವಿ ತಗಲುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಕೆಲವರಲ್ಲಿ ಸದ್ದಿಲ್ಲದೆ ವರ್ಷಗಟ್ಟಲೆ ಉಳಿಯುತ್ತದೆ. ಇಂದು ಪಾಸಿಟಿವ್ ಬಂದದ್ದು ಯಾವಾಗ, ಯಾರಿಂದ ಬಂತೆಂದು ಯಾವ ಪ್ರಯೋಗಾಲಯವೂ ಹೇಳಲಾರದು. ಇದು ಯಾರ ನಡತೆಯ ಪರೀಕ್ಷೆಯೂ ಅಲ್ಲ. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಈ ಮಾತನ್ನೇ ಹೇಳಿ. ಪಾಸಿಟಿವ್ ಎಂದರೆ ಕ್ಯಾನ್ಸರ್ ಎಂದೂ ಅಲ್ಲ; ಮುಂದಿನ ತಪಾಸಣೆಗೆ ಬರಬೇಕು ಎಂದಷ್ಟೇ ಅರ್ಥ.

ಮೊದಲನೆಯದು ನಿಜ. ಹತ್ತಿ ಸುತ್ತಿದ ಕಡ್ಡಿಯಂಥ ಸ್ವಾಬ್ ಅಥವಾ ಮೃದುವಾದ ಬ್ರಷ್‌ನಿಂದ ಮಹಿಳೆಯೇ ಸ್ನಾನದ ಕೋಣೆಯಲ್ಲಿ ಮಾದರಿ ತೆಗೆದುಕೊಳ್ಳಬಹುದು. ಪಿಸಿಆರ್ ಮೂಲಕ ಪರೀಕ್ಷಿಸಿದಾಗ ಆ ಮಾದರಿ ವೈದ್ಯರು ತೆಗೆದದ್ದಕ್ಕೆ ಸರಿಸಾಟಿ. 30 ವರ್ಷದಿಂದ ಮೇಲೆ, 5ರಿಂದ 10 ವರ್ಷಕ್ಕೊಮ್ಮೆ ಮಾಡಿದರೆ ಸಾಕು ಎಂದು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ನಮ್ಮ ಪಕ್ಕದ ಮಹಾರಾಷ್ಟ್ರದ ಆಗಿನ ಉಸ್ಮಾನಾಬಾದ್, ಈಗಿನ ಧಾರಾಶಿವ ಜಿಲ್ಲೆಯ ಹಳ್ಳಿಗಳಲ್ಲಿ ಸುಮಾರು 1 ಲಕ್ಷ 30 ಸಾವಿರ ಮಹಿಳೆಯರನ್ನು ಸೇರಿಸಿಕೊಂಡು ನಡೆದ ಅಧ್ಯಯನದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಒಂದೇ ಒಂದು ಸುತ್ತು ಎಚ್‌ಪಿವಿ ಪರೀಕ್ಷೆ ಮಾಡಿದ ಹಳ್ಳಿಗಳಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ವಿಐಎ ವ್ಯರ್ಥ ಎಂದು ಯಾರೂ ತಿಳಿಯಬೇಡಿ. ಮುಂಬೈಯ ಕೊಳೆಗೇರಿಗಳಲ್ಲಿ ಎರಡು ವರ್ಷಕ್ಕೊಮ್ಮೆ ಅದನ್ನೇ ಮಾಡಿ ಸಾವನ್ನು ಶೇ 31ರಷ್ಟು ಇಳಿಸಿದ್ದಾರೆ. ಕೈಯಲ್ಲಿರುವುದನ್ನು ನಿಲ್ಲಿಸಬೇಡಿ.

ಕುಶಾಲನಗರ

ನಮ್ಮ ಬಡಾವಣೆಯಲ್ಲಿ ‘ಕ್ಯಾನ್ಸರ್ ಪ್ಯಾಕೇಜ್’ ಎಂದು ರಕ್ತ ತೆಗೆದು ಹೋದರು. ನನ್ನ ಪತ್ನಿಗೆ ಅಂಡಾಶಯದ ಕ್ಯಾನ್ಸರಿನ ಗುರುತು ಎನ್ನುವ ಸಿಎ-125 ಸ್ವಲ್ಪ ಹೆಚ್ಚು ಬಂದಿದೆ. ವಯಸ್ಸು 38. ಅವಳು ಊಟ ಬಿಟ್ಟಿದ್ದಾಳೆ.

ನಿವೃತ್ತ ಪೆಥಾಲಜಿಸ್ಟ್, ಊರು ವಿರಾಜಪೇಟೆ

ಆ ವಯಸ್ಸಿನಲ್ಲಿ ಮುಟ್ಟಿನ ದಿನಗಳಲ್ಲೂ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ತೊಂದರೆ) ಇದ್ದರೂ, ಗರ್ಭ ನಿಂತಿದ್ದರೂ ಸಿಎ-125 ಏರುತ್ತದೆ. ಸ್ತ್ರೀರೋಗ ತಜ್ಞರಲ್ಲಿ ಹೋಗಿ, ಅವರು ಬೇಕೆಂದರೆ ಒಂದು ಸ್ಕ್ಯಾನ್ ಮಾಡಿಸಿ. ಮನೆಯವರಿಗೆ ಊಟ ಮಾಡಲು ಹೇಳಿ.

ರೋಗವೇ ಇಲ್ಲದವರಲ್ಲಿ ಕ್ಯಾನ್ಸರ್ ಹುಡುಕಲು ಈ ರಕ್ತದ ಗುರುತುಗಳು ಹುಟ್ಟಿದ್ದಲ್ಲ. ಕ್ಯಾನ್ಸರ್ ಇದೆಯೆಂದು ತಿಳಿದವರಲ್ಲಿ ಚಿಕಿತ್ಸೆ ಫಲಿಸುತ್ತಿದೆಯೇ ಎಂದು ನೋಡಲು ಅವು ಉಪಯುಕ್ತ. ಸಿಇಎ ಎಂಬ ಇನ್ನೊಂದು ಗುರುತು ಧೂಮಪಾನಿಗಳಲ್ಲಿ ಹಾಗೆಯೇ ಹೆಚ್ಚಿರುತ್ತದೆ. ಪಿತ್ತದ ಕಲ್ಲು ನಾಳ ಕಟ್ಟಿದರೂ ಸಿಎ 19-9 ಎಂಬ ಗುರುತು ಏರುತ್ತದೆ. ಇನ್ನೊಂದೆಡೆ, ಲೂಯಿಸ್ ರಕ್ತಗುಂಪಿನ ಅಂಶವಿಲ್ಲದ ಕೆಲವರ ದೇಹ ಸಿಎ 19-9 ತಯಾರಿಸುವುದೇ ಇಲ್ಲ. ಕ್ಯಾನ್ಸರ್ ಇದ್ದರೂ ವರದಿ ನಾರ್ಮಲ್ ಎನ್ನುತ್ತದೆ. ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ನುಂಗುವವರು ರಕ್ತ ಕೊಡುವ ಮೊದಲು ಲ್ಯಾಬಿಗೆ ತಿಳಿಸಬೇಕು, ಅದು ಕೆಲವು ಯಂತ್ರಗಳ ಲೆಕ್ಕವನ್ನೇ ಕೆಡಿಸುತ್ತದೆ. ಹಣ ಇಟ್ಟುಕೊಂಡು ಬಂದು ತೋಳು ಚಾಚುವ ಜನರಿಗೆ ಇದನ್ನೆಲ್ಲ ಹೇಳದೆ ಪ್ಯಾಕೇಜ್ ಮಾರುವುದು ಅನ್ಯಾಯ. ಇದಕ್ಕಿಂತ ಮೃದುವಾದ ಪದ ನನಗೆ ಸಿಗುತ್ತಿಲ್ಲ.

ಕುಶಾಲನಗರ

ಧನ್ಯವಾದ ಡಾಕ್ಟರೇ. ಅವಳಿಗೆ ಓದಿ ಹೇಳಿದೆ.

ಆದರೆ ಇಷ್ಟೆಲ್ಲ ಓದಿದ ಮೇಲೆ ನನಗೆ ಅನಿಸುವುದು ಒಂದೇ. ಪ್ರತಿಯೊಂದು ಬ್ಲಾಕೂ ಮೈಸೂರು, ಮಂಗಳೂರು, ಬೆಂಗಳೂರು ಎಂದು ಯಾಕೆ ಅಲೆಯಬೇಕು? ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ಇಆರ್, ಹರ್2, ಫಿಶ್ ಎಲ್ಲವೂ ಜಿಲ್ಲೆಯಲ್ಲೇ ಆಗಬೇಕೆಂದು ನಾವು ಒತ್ತಾಯಿಸಬೇಕು.

ಹಿಸ್ಟೊ ಲ್ಯಾಬ್, ಮಡಿಕೇರಿ

ಅಣ್ಣ, ನಿಮ್ಮ ಕಳಕಳಿ ಅರ್ಥವಾಗುತ್ತದೆ, ಆದರೆ ಫಿಶ್ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಕಣ್ಣು ಪಳಗಲು ಪ್ರಕರಣಗಳ ರಾಶಿ ಬೇಕು. ಅಪರೂಪಕ್ಕೊಮ್ಮೆ ಫಿಶ್ ಎಣಿಸುವವರಿಗಿಂತ ದಿನವೂ ಎಣಿಸುವವರ ಕೈಗೆ ನಮ್ಮ ಬ್ಲಾಕ್ ಹೋಗುವುದು ರೋಗಿಗೇ ಒಳ್ಳೆಯದು. ಪ್ರತಿಕಾಯದ ಪುಟ್ಟ ಬಾಟಲಿಗಳಿಗೂ ಅವಧಿಯಿರುತ್ತದೆ. ಬಳಸುವಷ್ಟು ಪ್ರಕರಣ ಇಲ್ಲದೆ ಅವಧಿ ಮುಗಿಯುವ ಹೊತ್ತಿಗೆ ‘ಇನ್ನೊಂದೆರಡು ಸ್ಲೈಡ್ ಮಾಡಿಬಿಡೋಣ’ ಎಂಬ ಆಸೆ ಹುಟ್ಟುತ್ತದೆ, ತಪ್ಪುಗಳು ನುಸುಳುವುದು ಅಲ್ಲಿಯೇ. ಮೇಣದ ಬ್ಲಾಕ್ ಪ್ರಯಾಣಕ್ಕೆ ಹೆದರುವುದಿಲ್ಲ. ಹೆದರುವುದು ಹಸಿ ಅಂಗಾಂಶ. ನಾವು ಒತ್ತಾಯಿಸಬೇಕಾದದ್ದು ಮೊದಲ ಒಂದು ಗಂಟೆಯ ಬಗ್ಗೆ: ಪ್ರತಿ ತಾಲ್ಲೂಕಿನ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಸಿದ್ಧ ಬಫರ್ಡ್ ಫಾರ್ಮಲಿನ್, ಅಗಲ ಬಾಯಿಯ ಡಬ್ಬಿ, ಹೋಳು ಮಾಡಲು ತರಬೇತಾದ ಒಬ್ಬರು, ಸಮಯ ಬರೆಯಲು ಒಂದು ಗೆರೆ.

ನಿವೃತ್ತ ಪೆಥಾಲಜಿಸ್ಟ್, ಊರು ವಿರಾಜಪೇಟೆ

ಅಂಗಾಂಶದ ಮಟ್ಟಿಗೆ ಈ ಹುಡುಗಿ ಹೇಳಿದ್ದೇ ಸರಿ. ಎಚ್‌ಪಿವಿ ವಿಷಯದಲ್ಲಿ ಮಾತ್ರ ಕುಶಾಲನಗರದವರ ಪಕ್ಷ ನಾನು. ಕ್ಷಯರೋಗ ಪತ್ತೆಗೆ ಬಳಸುವ ಜೀನ್‌ಎಕ್ಸ್‌ಪರ್ಟ್ ಯಂತ್ರದಲ್ಲೇ ಎಚ್‌ಪಿವಿಯ ಕಾರ್ಟ್ರಿಡ್ಜೂ ಓಡುತ್ತದೆ, ಸುಮಾರು ಒಂದು ಗಂಟೆಯಲ್ಲಿ ಉತ್ತರ ಕೊಡುತ್ತದೆ. ಅದಕ್ಕೆ ಪಳಗಿದ ಕಣ್ಣು ಬೇಡ. ಲೈನ್ ಮನೆಯ ಹೆಂಗಸು ಬೆಳಿಗ್ಗೆ ಸ್ವಾಬ್ ಕೊಟ್ಟರೆ ಸಂಜೆಯೊಳಗೆ ಅವರಿಗೆ ಹೇಳಬಹುದು. ಜಿಲ್ಲೆಯಲ್ಲೇ ಆಗಬೇಕೆಂದು ಹಟ ಹಿಡಿಯಬೇಕಾದ ಪರೀಕ್ಷೆ ಇದು.

ಪೊನ್ನಂಪೇಟೆ ತೋಟ

ನಿಮಗೆಲ್ಲ ತಿಳಿಸಬೇಕು. ಸೂಜಿ ಬಯಾಪ್ಸಿಯ ಬ್ಲಾಕ್ ಸಿಕ್ಕಿತು. ಲಿಖಿತವಾಗಿ ಕೇಳಿದ ಮೇಲೆ ಕೊಟ್ಟರು. ಅದರ ಮೇಲೂ ಹರ್2 2 ಪ್ಲಸ್ ಬಂತು. ಫಿಶ್‌ನಲ್ಲಿ ಅನುಪಾತ 1.3, ಸರಾಸರಿ ಪ್ರತಿ 2.8. ನೆಗೆಟಿವ್. ದೊಡ್ಡಮ್ಮನಿಗೆ ಹಾರ್ಮೋನು ತಗ್ಗಿಸುವ ಲೆಟ್ರೊಜೋಲ್ ಮಾತ್ರೆ ಆರಂಭಿಸಿದ್ದಾರೆ, ಟ್ರಾಸ್ಟುಜುಮ್ಯಾಬ್ ಬೇಡವೆಂದಿದ್ದಾರೆ.

ನಿವೃತ್ತ ಪೆಥಾಲಜಿಸ್ಟ್, ಊರು ವಿರಾಜಪೇಟೆ

ಒಳ್ಳೆಯ ಸುದ್ದಿ. ‘2 ಪ್ಲಸ್, ಫಿಶ್ ನೆಗೆಟಿವ್’ ಎಂಬ ಆ ಸಾಲನ್ನು ಜೋಪಾನವಾಗಿಡಿ. ಅದನ್ನು ಈಗ ಹರ್2-ಲೋ, ಅಂದರೆ ಹರ್2 ಅಲ್ಪ ಪ್ರಮಾಣದಲ್ಲಿದೆ, ಎನ್ನುತ್ತಾರೆ. ಮುಂದೆ ಎಂದಾದರೂ ರೋಗ ಮರುಕಳಿಸಿ ಹರಡಿದರೆ, ಈ ಗುಂಪಿನವರಿಗೂ ಕೆಲಸ ಮಾಡುವ ಔಷಧವೊಂದು 2022ರಿಂದ ಬಳಕೆಗೆ ಬಂದಿದೆ. ಬ್ಲಾಕನ್ನು ವಾಪಸು ಪಡೆದು, ಕೊಟ್ಟ ಲ್ಯಾಬಿಗೇ ಮರಳಿಸಿ ರಸೀದಿ ಇಟ್ಟುಕೊಳ್ಳಿ.

ಹಾಡಿ–ಲೈನ್ ಮನೆ ಆಶಾ ಕಾರ್ಯಕರ್ತೆ

ಅಕ್ಕ, ನಮ್ಮ ತಾಲ್ಲೂಕು ಆಸ್ಪತ್ರೆಯ ನರ್ಸ್‌ಗಳು ಈ ಚರ್ಚೆ ಓದಿದ್ದಾರೆ. ಬಾಟಲಿಯ ಮೇಲೆ ಏನೇನು ಬರೆಯಬೇಕೆಂದು ಒಂದೇ ಕಡೆ ಹೇಳಿದರೆ ಗೋಡೆಗೆ ಅಂಟಿಸುತ್ತಾರಂತೆ.

ಹಿಸ್ಟೊ ಲ್ಯಾಬ್, ಮಡಿಕೇರಿ

ಖಂಡಿತ. ರೋಗಿಯ ಹೆಸರು, ವಯಸ್ಸು, ಆಸ್ಪತ್ರೆಯ ಸಂಖ್ಯೆ. ಯಾವ ಅಂಗ, ಎಡವೋ ಬಲವೋ. ದೇಹದಿಂದ ಬೇರ್ಪಟ್ಟ ಸಮಯ, ಫಾರ್ಮಲಿನ್‌ಗೆ ಹಾಕಿದ ಸಮಯ, ಎರಡೂ ಬೇರೆ ಬೇರೆಯಾಗಿ, ದಿನಾಂಕದೊಂದಿಗೆ. ಹಾಕಿದವರ ಸಹಿ. ಸಲೈನ್‌ನಲ್ಲಿ ಇಡಬೇಡಿ. ನೀರು ಬೆರೆಸದ ಗಟ್ಟಿ ಫಾರ್ಮಲಿನ್‌ನಲ್ಲೂ ಇಡಬೇಡಿ. ಕಿರಿದಾದ ಕತ್ತಿನ ಬಾಟಲಿ ಬೇಡ. ಅಂಗಾಂಶ ಒಳಗೆ ಮೃದುವಾಗಿ ಹೋಗುತ್ತದೆ, ಗಟ್ಟಿಯಾದ ಮೇಲೆ ಹೊರಗೆ ಬರುವುದಿಲ್ಲ, ಎಳೆದು ತೆಗೆಯುವಾಗ ಅಂಚು ಹರಿಯುತ್ತದೆ. ಮೂಳೆಯ ತುಣುಕಾದರೆ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ತಿಳಿಸಿ. ಮೂಳೆ ಮೆತ್ತಗಾಗಿಸಲು ನಾವು ಹಾಕುವ ಕಟು ಆಮ್ಲ ಡಿಎನ್‌ಎಯನ್ನು ಹಾಳುಮಾಡುತ್ತದೆ, ಫಿಶ್ ಬೇಕಾಗಬಹುದೆಂದು ಮೊದಲೇ ತಿಳಿದರೆ ಬೇರೆ ದ್ರಾವಣ ಬಳಸುತ್ತೇವೆ. ಬರೆಯಲು ಪೆನ್ಸಿಲ್ ಬಳಸಿ, ಫಾರ್ಮಲಿನ್ ಚೆಲ್ಲಿದರೆ ಪೆನ್ನಿನ ಶಾಯಿ ಅಳಿಸಿಹೋಗುತ್ತದೆ. ಚೀಟಿಯನ್ನು ಡಬ್ಬಿಯ ಮೈಗೆ ಅಂಟಿಸಿ, ಮುಚ್ಚಳಕ್ಕಲ್ಲ. ಎರಡು ಡಬ್ಬಿ ಒಟ್ಟಿಗೆ ತೆರೆದಾಗ ಮುಚ್ಚಳಗಳು ಅದಲುಬದಲಾಗುತ್ತವೆ.